ಛತ್ರಿಯ ಮೇಲೆ ಕೂತ ಅಕ್ಕ

ಪ್ಯಾರಾಚೂಟಿನ ಬಟ್ಟೆಯನ್ನು ತುಟಿಗೆ ಒತ್ತಿ ಹಿಡಿದು ಅಕ್ಕ ಊದುತ್ತಿದ್ದರು. ಕೆನ್ನೆ ಉಬ್ಬಿ, ಕಣ್ಣು ಕೆಂಪಾಗಿ, ಕತ್ತಿನ ನರ ಎದ್ದು ಕಾಣುವವರೆಗೆ. ಉಸಿರು ಆಚೆ ಬದಿಗೆ ಹಾಯ್ದರೆ ಬಟ್ಟೆ ಹಳತಾಯಿತೆಂದು ಲೆಕ್ಕ. "ಇದು ನೆಲ ಒರೆಸ್ಲಿಕ್ಕೆ ಆದೀತು ಮಾರಾಯ್ತಿ, ಹಾರ್ಲಿಕ್ಕಲ್ಲ," ಎಂದು ಬದಿಗೆ ಎಸೆಯುತ್ತಿದ್ದರು.

ಉಡುಪಿ ಕಡೆಯವರು. ವಿಲೆ ಪಾರ್ಲೆಯಲ್ಲಿ ಅಣ್ಣನ ಹೋಟೆಲಿನ ಮೇಲಿನ ಕೋಣೆಯಲ್ಲಿ ವಾಸ. ಗೋರೆಗಾಂವ್‌ನ ಶೂಟಿಂಗುಗಳಲ್ಲಿ ಎತ್ತರದಿಂದ ಹಾರುವವರಿಗೆ ಛತ್ರಿ ಆರಿಸಿ, ಮಡಚಿ ಕೊಡುವುದು ಅವರ ಕೆಲಸ; ನಮ್ಮ ಸ್ಟಂಟ್‌ನವರ ಬಾಯಲ್ಲಿ ಪ್ಯಾರಾಚೂಟ್ ಎಂದರೆ ಛತ್ರಿಯೇ. ನಾನು ಭಾಂಡುಪ್ ಚಾಳಿನವಳು, ಗಾರೆ ಕೆಲಸಕ್ಕೆಂದು ವಿಜಯಪುರದಿಂದ ಬಂದವರ ಮಗಳು. ನಾಯಕಿಯರ ಬದಲಿಗೆ ಬೀಳುವುದು ನನ್ನ ಹೊಟ್ಟೆಪಾಡು. ಊಟ ಆಯಿತಾ ಎಂದು ಕೇಳದೆ ಅಕ್ಕ ಎಂದೂ ನನ್ನ ಬೆಲ್ಟ್ ಬಿಗಿದವರಲ್ಲ.

ಒಮ್ಮೆ, ಇನ್ನೂ ಕಟ್ಟುತ್ತಿದ್ದ ಬಿಲ್ಡಿಂಗಿನ ತುದಿಯಿಂದ ನಾನು ಹಾರಬೇಕಿತ್ತು. ಅಕ್ಕ ಆರಿಸಿದ್ದು ಅಗಲವಾದ ಬೂದು ಛತ್ರಿ. ನಿರ್ಮಾಪಕರು ತರಿಸಿದ್ದು ಚಿಕ್ಕದೊಂದು ಕೆಂಪು ಛತ್ರಿ. ಏಕೆಂದರೆ ನಾಯಕಿಯ ಬಟ್ಟೆಗೆ ಅದು ಮ್ಯಾಚಿಂಗ್. ಸೀರೆಗೆ ಬ್ಲೌಸ್ ಹುಡುಕಿದ ಹಾಗೆ ನನ್ನ ಜೀವಕ್ಕೆ ಬಣ್ಣ ಹುಡುಕಿದ್ದರು, ಪುಣ್ಯಾತ್ಮರು.

ಅಕ್ಕ ತಾಳ್ಮೆಯಿಂದಲೇ ಹೇಳಿದರು. ಕೆಂಪು ಛತ್ರಿ ವಿಮಾನದಿಂದ ಹಾರುವವರದ್ದು. ನಿಧಾನವಾಗಿ ಬಿಚ್ಚಿಕೊಂಡು ಜೋರಾಗಿ ಓಡುತ್ತದೆ. ಅಲ್ಲಿ ಎತ್ತರ ಬೇಕಾದಷ್ಟಿದೆ, ಒಂದು ಕೈಕೊಟ್ಟರೆ ಬೆನ್ನಲ್ಲಿ ಇನ್ನೊಂದಿದೆ. ಇಲ್ಲಿ ಎರಡನೆಯದು ಅರಳುವ ಮೊದಲೇ ನೆಲ ಬಂದಿರುತ್ತದೆ. ತಟ್ಟನೆ ಅರಳಿ, ನಿಧಾನವಾಗಿ ಸಾಗುವ ದೊಡ್ಡದೇ ಬೇಕು. ಗೋಡೆಯತ್ತ ತಿರುಗಿದರೂ ತಪ್ಪಿಸಿಕೊಳ್ಳಲು ಬಿಡುವು ಸಿಗುತ್ತದೆ.

"ಮೇಡಮ್, ದೋ ಸೆಕೆಂಡ್ ಕಾ ಶಾಟ್ ಹೈ," ಎಂದರು ನಿರ್ಮಾಪಕರು.

ಎರಡು ಸೆಕೆಂಡಂತೆ. ಸಾಯಲು ಅಷ್ಟು ಧಾರಾಳವಾಗಿ ಸಾಕು. ನೆನೆದರೆ ಈಗಲೂ ಮೈ ಉರಿಯುತ್ತದೆ.

ನನಗೆ ಕೆಲಸ ಹೋದೀತೆಂಬ ದಿಗಿಲು. "ಬಿಡ್ರಿ ಅಕ್ಕಾ, ಹಾರ್ತೀನಿ. ಇಲ್ಲಂದ್ರ ಬ್ಯಾರೆಯವ್ರನ್ನ ಕರಸ್ತಾರ," ಎಂದೆ. ಅಕ್ಕ ಕೆಂಪು ಛತ್ರಿಯ ಚೀಲವನ್ನು ನೆಲಕ್ಕೆ ಹಾಕಿ, ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು.

"ನೀನು ಸುಮ್ಮನಿರು. ನನಗೆ ಹೆದರಿಕೆ ಆಗ್ತಾ ಉಂಟು. ನನಗೆ ಹೆದರಿಕೆ ಆದ್ರೆ ಯಾರನ್ನೂ ಹಾರ್ಲಿಕ್ಕೆ ಬಿಡುದಿಲ್ಲ."

ಕೂಗಾಟ, ಬೈಗುಳ ಎಲ್ಲ ನಡೆಯಿತು. ಅಕ್ಕ ಏಳಲಿಲ್ಲ. ಬೆಳಕು ಹೋಗುತ್ತದೆಂದು ಕ್ಯಾಮೆರಾದವರು ಗೊಣಗತೊಡಗಿದಾಗ ಬೂದು ಛತ್ರಿಯೇ ನನ್ನ ಬೆನ್ನೇರಿತು. ಹಾರಿದೆ. ಅರಳಿದ್ದೇ ಅದು ಗೋಡೆಯತ್ತ ತಿರುಗಿತು. ಹಗ್ಗ ಜಗ್ಗಿ ಪಕ್ಕಕ್ಕೆ ಹೊರಳಿಸಿಕೊಂಡೆ. ಕಾಲಿನ ಬೂಟು ಕಾಂಕ್ರೀಟನ್ನು ಸವರಿತು. ಅದು ಕೆಂಪು ಛತ್ರಿಯಾಗಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ.

ಸಿನಿಮಾ ಬಂದಾಗ ನೋಡಿದರೆ ಛತ್ರಿ ಕೆಂಪಗಿತ್ತು. ಕಂಪ್ಯೂಟರಿನಲ್ಲಿ ಬಣ್ಣ ಬದಲಿಸಿದ್ದರು. ಇಷ್ಟು ಸುಲಭದ ಕೆಲಸಕ್ಕೆ ನನ್ನನ್ನು ಕೊಲ್ಲಲು ಹೊರಟಿದ್ದರಲ್ಲ. ಅಕ್ಕನಿಗೆ ಸಿಕ್ಕ ಬಹುಮಾನವೋ, "ಡರ್‌ಪೋಕ್", ಅಂದರೆ ಅಂಜುಬುರುಕಿ, ಎಂಬ ಹೆಸರು. ಆಮೇಲೆ ಯಾರೂ ಅವರನ್ನು ಕೆಲಸಕ್ಕೆ ಕರೆಯಲಿಲ್ಲ. ಅಣ್ಣನ ಹೋಟೆಲಿನಲ್ಲಿ ತರಕಾರಿ ಹೆಚ್ಚುತ್ತಾ ಉಳಿದರು.

ಈ ವರ್ಷ ಕಾಯಿಲೆಯಾಗಿ ತೀರಿಕೊಂಡರು. ಶೋಕಸಭೆಗೆ ಅದೇ ನಿರ್ಮಾಪಕರು ಬಂದು ಮೈಕ್ ಹಿಡಿದು, ಹೆದರಿಕೆ ಎಂದರೇನೆಂದೇ ಅವರಿಗೆ ಗೊತ್ತಿರಲಿಲ್ಲ ಎಂದು ಹಿಂದಿಯಲ್ಲಿ ಹೊಗಳಿದರು. ಜನ ತಲೆದೂಗಿದರು. ನನಗೆ ತಡೆಯಲಾಗಲಿಲ್ಲ. ನಿರ್ಮಾಪಕರಿಗೆ ಕನ್ನಡ ತಿಳಿದರೆಷ್ಟು ಬಿಟ್ಟರೆಷ್ಟು ಎಂದು ಎದ್ದು ನಿಂತು ನನ್ನ ಮಾತಿನಲ್ಲೇ ಹೇಳಿದೆ:

"ಸುಳ್ಳು. ಅಕ್ಕಾರಿಗೆ ಅಂಜಿಕಿ ಇತ್ತು. ನಿಮ್ಮೆಲ್ಲಾರೊಳಗ ನನ್ನ ಸಲುವಾಗಿ ಅಂಜಿದವ್ರು ಅವ್ರೊಬ್ರ."