ಸಣ್ಣಾಕಿಯ ಪುಸ್ತಕಗಳು

ಯಲಬುರ್ಗಿಯ ಗಂಡನ ಮನೆಗೆ ನಾನು ಸೊಸೆಯಾಗಿ ಬಂದಾಗ ಆ ಓಣಿಯ ಹೆಂಗಸರಲ್ಲಿ ಕನ್ನಡ ಓದಲು ಬರುತ್ತಿದ್ದದ್ದು ನನಗೊಬ್ಬಳಿಗೇ. ನಿಜಾಮರ ಆಳ್ವಿಕೆ ಅದು. ಸಾಲಿಯಲ್ಲಿ ಕಲಿಸುತ್ತಿದ್ದದ್ದು ಉರ್ದು, ಅಲ್ಲಿಗೆ ಹೋಗುತ್ತಿದ್ದವರು ಗಂಡುಹುಡುಗರು. ಕೊಪ್ಪಳದಲ್ಲಿ ಅರಿವೆ ಅಂಗಡಿ ಇಟ್ಟಿದ್ದ ನಮ್ಮಪ್ಪ, ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ನೆಲದ ಮೇಲೆ ಉಸುಕು ಹರವಿ, ನನ್ನ ಬೆರಳು ಹಿಡಿದು ಅಕ್ಷರ ತಿದ್ದಿಸಿದ್ದ. ಆ ಒಂದು ವಿದ್ಯೆಯಿಂದ ಗಂಡನ ಮನೆಯಲ್ಲಿ ನನಗೆ ದೊಡ್ಡ ಮಾನ ಸಿಕ್ಕಿತು. ಉಂಡು ಮುಗಿಸಿದ ಹೆಂಗಸರು ಮೊರದಲ್ಲಿ ಬೇಳೆ ಹಾಕಿಕೊಂಡು ನಮ್ಮ ಪಡಸಾಲೆಗೆ ಬರುತ್ತಿದ್ದರು. ಅವರು ಹರಳು ಆರಿಸುತ್ತ ಕೂತರೆ ನಾನು ಪುರಾಣ ಓದುತ್ತಿದ್ದೆ. "ನಮ್ಮ ಸೊಸಿ ಓದಿದರ ದೇವರು ಎದರಿಗೆ ಬಂದ ನಿಂತಂಗ ಆಗತೈತಿ" ಎಂದು ಅತ್ತೆ ಎಲ್ಲರೆದುರು ಹೇಳುತ್ತಿದ್ದರು. ನಾನು ಕೇಳಿಸಲಿಲ್ಲವೇನೋ ಎಂಬಂತೆ ಹಾಳೆ ತಿರುವುತ್ತಿದ್ದೆ.

ಹೀಗಿರುವಾಗ ಮೈದುನನ ಮದುವೆಯಾಯಿತು. ಹುಡುಗಿ ಗದಗಿನವಳು. ಗದಗ ಮುಂಬಯಿ ಸರಕಾರದ ಸೀಮೆ, ಅಲ್ಲಿ ಹೆಣ್ಣುಮಕ್ಕಳಿಗೆ ಕನ್ನಡ ಸಾಲಿ ಇತ್ತು. ಬರುವಾಗ ಎರಡು ಟ್ರಂಕು ತಂದಳು. ಒಂದರಲ್ಲಿ ಸೀರೆ, ಇನ್ನೊಂದರ ತುಂಬ ಕಾದಂಬರಿ. ಓಣಿಯವರು ನನ್ನನ್ನು ದೊಡ್ಡಾಕಿ ಎಂದೂ ಆಕೆಯನ್ನು ಸಣ್ಣಾಕಿ ಎಂದೂ ಕರೆಯತೊಡಗಿದರು.

ಸಣ್ಣಾಕಿ ಮೊದಮೊದಲು ಪುಸ್ತಕ ಹೊರಗೆ ತೆಗೆಯಲಿಲ್ಲ. ಸುಮ್ಮನೆ ಹೆಂಗಸರ ಮಾತು ಕೇಳುತ್ತ ಕೂತಿರುತ್ತಿದ್ದಳು. ಬಾಜೂ ಮನೆಯ ಮುದುಕಿಗೆ ಮಕ್ಕಳಿರಲಿಲ್ಲ. ಹಬ್ಬ ಬಂದರೆ ಒಬ್ಬಳೇ ಹೋಳಿಗೆ ಬೇಯಿಸಿ ಒಬ್ಬಳೇ ತಿನ್ನುವವಳು. ಒಂದು ದಿನ ಸಣ್ಣಾಕಿ ಆಕೆಯ ಪಕ್ಕದಲ್ಲಿ ಕೂತು, "ಆಯಿ, ನಿಮಗ ಒಂದು ಪುಸ್ತಕ ಐತ್ರಿ. ಅದರಾಗ ನಿಮ್ಮಂಥ ಆಯಿನ ಅದಾಳ" ಎಂದು ಓದಲು ಶುರು ಮಾಡಿದಳು.

ಒಂದೇ ಬಾವಿ ನಂಬಿದ ಒಂದು ಓಣಿಯ ಕಥೆ ಅದು. ಆ ಓಣಿಯ ಅಜ್ಜಿ ಮುಂಜಾನೆ ಎಲ್ಲರ ಜೊತೆ ಜಗಳ ತೆಗೆದು, ಸಂಜೆ ಅವರವರ ಮನೆಗೇ ಚಟ್ನಿ ಕಳಿಸುವವಳು. ನಮ್ಮ ಮುದುಕಿ ಮೊರ ಕೆಳಗಿಟ್ಟು ಬಾಯಿ ತೆರೆದು ಕೇಳಿದಳು. ಮರುದಿನ ಎಲ್ಲರಿಗಿಂತ ಮೊದಲೇ ಬಂದು ಬಾಗಿಲಲ್ಲೇ ಕೇಳಿದಳು: "ಆ ಮುದುಕಿ ಇವತ್ತ ಯಾರ ಸಂಗಟ ಜಗಳಾಡತಾಳವಾ?"

ಗಾಣಿಗರ ಸೊಸೆಗೆ ಬೇರೆ ಪುಸ್ತಕ. ಅವ್ವ ಅಪ್ಪ ಇಲ್ಲದೆ ಬೆಳೆದ ಹುಡುಗಿ ಆಕೆ. ಹೊಳೆಯ ದಂಡೆಯ ಹಳ್ಳಿಯೊಂದರಲ್ಲಿ ಅಂಬಿಗರು, ಬೆಸ್ತರು, ಅಗಸರು ಎಲ್ಲ ಕೂಡಿ ಒಂದು ಪರದೇಸಿ ಕೂಸನ್ನು ಸಾಕಿದ ಕಥೆಯನ್ನು ಸಣ್ಣಾಕಿ ಆಕೆಗೆಂದೇ ತೆಗೆದಿಟ್ಟಿದ್ದಳು. ಗಾಣಿಗರ ಸೊಸೆ ಕೇಳುತ್ತ ಕೇಳುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಎಷ್ಟು ವರ್ಷ ಪುರಾಣ ಓದಿದ್ದೆ! ಆಕೆ ಒಮ್ಮೆಯೂ ಅತ್ತಿರಲಿಲ್ಲ.

ನನ್ನ ಪುರಾಣ ಜಂತಿಯ ಮೇಲೆ ಹೋಯಿತು. ನಾನು ಅಡಿಗೆಮನೆಯಲ್ಲಿ ಕೆಲಸ ಇಟ್ಟುಕೊಳ್ಳತೊಡಗಿದೆ. ಖಾರ ಕುಟ್ಟುವುದು, ಜೋಳ ಹಸನು ಮಾಡುವುದು, ಇಲ್ಲದ ಕೆಲಸವನ್ನೂ ಹುಡುಕಿ ಮಾಡುವುದು. ಗೋಡೆಯ ಆಚೆ ಎಲ್ಲರೂ ಒಮ್ಮೆಲೇ ನಕ್ಕರೆ ನನ್ನ ಒನಕೆಯ ಪೆಟ್ಟು ಜೋರಾಗುತ್ತಿತ್ತು. ಆದರೂ ಆಕೆ ದನಿ ತಗ್ಗಿಸಿ ಓದುವಾಗ ನಾನೂ ಒನಕೆ ನಿಲ್ಲಿಸುತ್ತಿದ್ದೆ. ಒಂದು ಮಾತೂ ತಪ್ಪಿಹೋಗಬಾರದು ನೋಡಿ.

ಒಂದು ದಿನ ಸಣ್ಣಾಕಿ ಒಳಗೆ ಬಂದು ನನ್ನ ಮುಂದೆಯೂ ಒಂದು ಪುಸ್ತಕ ಹಿಡಿದಳು.

"ಅಕ್ಕಾರ, ಇದು ನಿಮಗ ಭಾಳ ಸೇರತೈತ್ರಿ."

"ಅದರಾಗ ಏನೈತಿ?"

"ಕೂಡಿದ ಮನಿ ಕಥಿ ಅದು. ಇಬ್ಬರು ನೆಗೆಣ್ಣ್ಯಾರು ಇರತಾರ. ಹಿರೇ ಸೊಸಿ ಪಾತ್ರ ಎಷ್ಟ ಛಲೋ ಐತಿ ಅಂತೀರಿ!"

"ನನಗೇನು ಪುರಸೊತ್ತೈತಿ? ಅಲ್ಲೆ ಇಡು" ಎಂದೆ.

ನನಗೆ ಬುದ್ಧಿ ಹೇಳಲಿಕ್ಕೆ ಆರಿಸಿ ತಂದಿದ್ದಾಳೆ ಎಂದೇ ನನಗನ್ನಿಸಿತ್ತು. ಆಕೆ ಆಚೆ ಹೋದ ಮೇಲೆ ಕೈ ತೊಳೆದುಕೊಂಡು, ಜೋಳ ತುಂಬಿಡುವ ಹಗೇವಿನ ಪಕ್ಕದ ಕತ್ತಲೆ ಕೋಣೆಯಲ್ಲಿ ಬೆಳಕಿಂಡಿಯ ಕೆಳಗೆ ಕೂತು ತೆರೆದೆ. ಆ ಹಿರಿಸೊಸೆ ಬೈದರೂ ಜನ ನಗುತ್ತಿದ್ದರು. ಆಕೆ ಒಂದು ದಿನ ತವರಿಗೆ ಹೋದರೆ ಇಡೀ ಕೇರಿ ಬಾಗಿಲಲ್ಲಿ ನಿಂತು ದಾರಿ ಕಾಯುತ್ತಿತ್ತು. ಓದಿ ಮುಗಿಸಿದಾಗ ನನ್ನ ಕಣ್ಣು ತುಂಬಿದ್ದವು. ಜೊತೆಗೆ, ಸುಳ್ಳೇಕೆ ಹೇಳಲಿ, ಕಾಗದದ ಆ ಹೆಂಗಸಿನ ಮೇಲೂ ನನಗೆ ಹೊಟ್ಟೆಕಿಚ್ಚು ಹುಟ್ಟಿತು. ನಾನು ತವರಿಗೆ ಹೋದರೆ ಯಾರು ಕಾಯುತ್ತಿದ್ದರು?

ಮುಂದೆ ನಿಜಾಮರ ಆಳ್ವಿಕೆ ಮುಗಿಯುವ ಹೊತ್ತಿಗೆ ನಮ್ಮ ಸೀಮೆಯಲ್ಲಿ ಗಲಾಟೆಯ ದಿನಗಳು ಬಂದವು. ಊರೂರಿಗೆ ಲೂಟಿಯ ಸುದ್ದಿ. ಗಂಡಸರು ಹೆಂಗಸರನ್ನೂ ಮಕ್ಕಳನ್ನೂ ಬಂಡಿ ಹೂಡಿ ಗಡಿಯ ಆಚೆ, ಮುಂಬಯಿ ಸರಕಾರದ ಸೀಮೆಗೆ ಸಾಗಿಸಿದರು. ಬಸುರಿಯಾಗಿದ್ದ ಸಣ್ಣಾಕಿ ಗದಗಿನ ತವರು ಸೇರಿದಳು. ನಾನು, ಅತ್ತೆ, ಓಣಿಯ ಉಳಿದ ಹೆಂಗಸರು ಗಜೇಂದ್ರಗಡದಲ್ಲಿ ಹತ್ತಿ ದಾಸ್ತಾನು ಇಡುವ ಒಂದು ವಖಾರಿಯಲ್ಲಿ ಇಳಿದೆವು. ಟ್ರಂಕು ಊರಲ್ಲೇ ಉಳಿಯಿತು.

ವಖಾರಿಯಲ್ಲಿ ಮಾಡಲು ಕೆಲಸವಿಲ್ಲ, ಗಂಡಸರ ಸುದ್ದಿ ಇಲ್ಲ. ಬಾಜೂ ಮನೆಯ ಮುದುಕಿ ಅನ್ನ ಬಿಟ್ಟು ಮಲಗಿಬಿಟ್ಟಳು. ಗಾಣಿಗರ ಸೊಸೆ ನನ್ನ ಹತ್ತಿರ ಬಂದು, "ಸಣ್ಣಾಕಿ ಇದ್ದಿದ್ದರ ಆ ಬಾವಿ ಓಣಿ ಕಥಿನಾರ ಓದತಿದ್ದಳು. ಈ ಆಯಿ ಎದ್ದ ಕೂಡತಿತ್ತು" ಎಂದಳು.

ಇಲ್ಲಿಯೂ ಆಕೆಯ ಹೆಸರೇ! ನನಗೆ ಮೈ ಉರಿದುಹೋಯಿತು.

"ಆಕಿ ಯಾಕ ಬೇಕು? ನಾ ಹೇಳತೀನಿ, ಬಾ" ಎಂದೆ.

ಹೇಳಲು ಕೂತಾಗ ನನಗೇ ಬೆರಗಾಯಿತು. ಗೋಡೆಯ ಹಿಂದಿನಿಂದ ಕೇಳಿದ್ದೆಲ್ಲ ನಾಲಗೆಯ ಮೇಲೆ ನಿಂತಿತ್ತು. ಆ ಅಜ್ಜಿಯ ಬೈಗುಳ, ಚಟ್ನಿಯ ಬಟ್ಟಲು, ಬಾವಿಯ ಗಡಗಡಿ ಎಲ್ಲವೂ ಬಂದವು. ಮುದುಕಿ ಮೊದಲು ಈ ಕಡೆ ಹೊರಳಿದಳು, ಆಮೇಲೆ ಎದ್ದು ಕೂತಳು, ಆಮೇಲೆ ಗಂಜಿ ಕುಡಿದಳು. ಪುಸ್ತಕದಲ್ಲಿ ಕಡೆಗೆ ಆ ಅಜ್ಜಿ ಸಾಯುತ್ತಾಳೆ. ಆ ಪುಟಗಳನ್ನು ಸಣ್ಣಾಕಿ ಇವರಿಗೆ ಇನ್ನೂ ಓದಿ ಹೇಳಿರಲಿಲ್ಲ, ನಾನು ಕದ್ದು ಓದಿದ್ದೆ. ಎದುರಿಗೆ ಕೂತ ಈ ಮುದುಕಿಯ ಮುಖ ನೋಡಿ ನನಗೆ ಆಕೆಯನ್ನು ಸಾಯಿಸಲು ಬಾಯಿ ಬರಲಿಲ್ಲ. ಜಡ್ಡು ಬಿದ್ದವಳನ್ನು ಎಬ್ಬಿಸಿ, ಓಣಿಯ ಎಲ್ಲರ ಮನೆಯಿಂದಲೂ ಆಕೆಗೆ ಚಟ್ನಿ ಕಳಿಸಿಕೊಟ್ಟೆ.

ಗಲಾಟೆ ತಣ್ಣಗಾಗಿ, ಗಂಡಸರು ಬಂಡಿ ತಂದ ಮೇಲೆ ಊರಿಗೆ ಮರಳಿದೆವು. ಸಣ್ಣಾಕಿಯೂ ಕೂಸನ್ನು ಎತ್ತಿಕೊಂಡು ಬಂದಳು. ಮನೆಯಲ್ಲಿ ಹಿತ್ತಾಳೆ ಪಾತ್ರೆ ಒಂದೂ ಉಳಿದಿರಲಿಲ್ಲ. ಪುಸ್ತಕ ಲೂಟಿ ಮಾಡಿದವರಿಗೆ ಬೇಕಾಗಿರಲಿಲ್ಲ, ಟ್ರಂಕಿನಲ್ಲಿ ಹಾಗೇ ಇದ್ದವು. ಪಡಸಾಲೆ ಮತ್ತೆ ತುಂಬಿತು. ಹೆಂಗಸರು ಮೊದಲು ಕೇಳಿದ್ದು ಬಾವಿ ಓಣಿಯ ಕಥೆಯನ್ನೇ. ಸಣ್ಣಾಕಿ ಓದುತ್ತ ಕೊನೆಯ ಪುಟಗಳಿಗೆ ಬಂದಳು. ಅಜ್ಜಿ ಕಣ್ಣು ಮುಚ್ಚಿದಳು ಎಂದು ಓದಿದ್ದೇ ತಡ, ನಮ್ಮ ಮುದುಕಿ ಕೈ ಅಡ್ಡ ಮಾಡಿದಳು.

"ತಡಿಯವಾ, ಹಂಗಲ್ಲ. ಆಕಿ ಸತ್ತಿಲ್ಲ."

"ಪುಸ್ತಕದಾಗ ಹಂಗ ಐತ್ರಿ, ಆಯಿ."

"ಪುಸ್ತಕದಾಗ ತಪ್ಪ ಬರದಾರ. ದೊಡ್ಡಾಕಿ ನಮಗ ಎಲ್ಲಾ ಹೇಳ್ಯಾಳ."

ಉಳಿದವರೂ ಹೌದೌದು ಎಂದರು. ಸಣ್ಣಾಕಿ ತಲೆ ಎತ್ತಿ ಅಡಿಗೆಮನೆಯ ಬಾಗಿಲಲ್ಲಿ ನಿಂತ ನನ್ನನ್ನು ನೋಡಿದಳು. ತುಟಿ ಬಿಗಿದಿತ್ತು, ಮೂಗಿನ ತುದಿ ಕೆಂಪಾಗಿತ್ತು. ಆ ಮುಖ ನನಗೆ ಚೆನ್ನಾಗಿ ಪರಿಚಯ. ಗೋಡೆಯ ಈಚೆ ನಾನು ಎಷ್ಟೋ ಮಧ್ಯಾಹ್ನ ಅದನ್ನೇ ಹೊತ್ತು ಖಾರ ಕುಟ್ಟಿದ್ದೆ.

"ಹಂಗಾರ ನೀವ ಬಂದ ಹೇಳ್ರಿ, ಅಕ್ಕಾರ" ಎಂದು ಪುಸ್ತಕ ಮುಚ್ಚಿದಳು.

ನಾನು ಹೋಗಿ ಕೂತೆ, ಹೇಳಿದೆ. ಆವತ್ತು ರಾತ್ರಿಯ ರೊಟ್ಟಿಗಳನ್ನು ಆಕೆ ಜೋರು ಜೋರಾಗಿ ತಟ್ಟಿದಳು. ನನಗೆ ಒಳಗೊಳಗೇ ಹಿತವಾಯಿತು.

ಅಲ್ಲಿಂದ ಮುಂದೆ ಒಂದು ದಿನ ಆಕೆ ಓದುವುದು, ಒಂದು ದಿನ ನಾನು ಹೇಳುವುದು ಎಂದಾಯಿತು. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ, ತಾನಾಗಿ ಬಂದ ರೂಢಿ. ಕುಷ್ಟಗಿ, ಗಂಗಾವತಿಗೆ ಮದುವೆಯಾಗಿ ಹೋದ ಹುಡುಗಿಯರು ತವರಿಗೆ ಬಂದರೆ ಯಾವ ಕಾದಂಬರಿ ಓದಲಿ ಎಂದು ಮೊದಲು ಆಕೆಯನ್ನು ಕೇಳುತ್ತಿದ್ದರು, ಆಮೇಲೆ ನನ್ನನ್ನು. ಮೊದಲು ನನ್ನನ್ನು ಕೇಳಿದ ಹುಡುಗಿಗೆ ನಾನು ಒಂದು ಹಿಡಿ ಶೇಂಗಾ ಹೆಚ್ಚಿಗೆ ಕೊಡುತ್ತಿದ್ದೆ. ಆಕೆಯೂ ಕೊಡುತ್ತಿದ್ದಳಂತೆ.