ಗೇಟಿಗೊಂದು ಮರದ ಹಿಡಿ

ಚನ್ನಪಟ್ಟಣದಲ್ಲಿ ನಾವು ಬಾಡಿಗೆಗಿದ್ದ ಬಿಲ್ಡಿಂಗಿನ ಗೇಟು ಮುಟ್ಟಿದವರಿಗೆಲ್ಲ ಶಾಕ್ ಹೊಡೆಯುತ್ತಿತ್ತು. ನೀರಿನ ಮೋಟರಿನ ಹಳೇ ವೈರು ಪ್ಲಾಸ್ಟಿಕ್ ಕಿತ್ತುಹೋಗಿ ಗೇಟಿನ ಕಬ್ಬಿಣಕ್ಕೆ ತಾಗುತ್ತಿತ್ತು. ಓನರಿಗೆ ಫೋನ್ ಮಾಡಿದಾಗಲೆಲ್ಲ ಒಂದೇ ಉತ್ತರ: "ಶಾಕ್ ಎಲ್ಲೈತೆ ಮೇಡಂ? ಒಸಿ ಜುಮ್ ಅಂತೈತೆ, ಅಷ್ಟೇಯ. ಚಪ್ಲಿ ಹಾಕ್ಕೊಂಡು ಮುಟ್ಟಿ." ನಾವೇ ವೈರು ಬದಲಾಯಿಸುತ್ತೇವೆ ಅಂದರೆ, "ನನ್ ಬಿಲ್ಡಿಂಗ್‌ಗೆ ಯಾರೂ ಕೈ ಹಾಕಂಗಿಲ್ಲ!"

ಕೊನೆಗೆ ಕೆಳಗಿನ ಮನೆಯ ಚಾಚಾ, ಬೊಂಬೆ ಮಾಡುವವರು, ಮರ ಕಡೆದು, ಕೆಂಪು ಅರಗು ಹಚ್ಚಿ, ಗೇಟಿಗೊಂದು ಹಿಡಿ ಸಿಕ್ಕಿಸಿಕೊಟ್ಟರು. ಇಡೀ ಬಿಲ್ಡಿಂಗಿನ ಜೀವ ಒಂದು ಆಟದ ಸಾಮಾನಿನ ಮೇಲೆ! ಓನರ್ ಬಂದವರು ಅದನ್ನೇ ಹಿಡಿದು ಗೇಟು ತೆಗೆದು, "ಬೋ ಚೆಂದಾಗೈತೆ" ಅಂದು ಹೋಗಿಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು.

ಮುಂದಿನ ಸಲ ಅವರು ಬರುವ ಹೊತ್ತಿಗೆ ಹಿಡಿ ಕಳಚಿ ಒಳಗಿಟ್ಟು, ಮೆಟ್ಟಿಲ ಮೇಲೆ ನಿಂತೆ. "ಬನ್ನಿ ಸಾರ್, ಗೇಟು ತಳ್ಕೊಂಡು ಬನ್ನಿ."

ಕಾಲಲ್ಲಿ ಚಪ್ಪಲಿ ಇತ್ತು. ಆದರೂ ಮನುಷ್ಯ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. "ಆ ಹಿಡಿ ಎಲ್ಲೋಯ್ತು ಮೇಡಂ?"

"ಅದ್ಯಾಕೆ ಸಾರ್? ಒಸಿ ಜುಮ್ ಅಂತೈತೆ, ಅಷ್ಟೇಯ."

ಅವರು ಗೇಟಿನಾಚೆ ನಿಂತೇ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದರು. ನಮಗೆ ಜುಮ್ ಅನ್ನುವ ಕರೆಂಟು ಓನರಿಗಾದರೆ ಶಾಕ್ ಹೊಡೆಯುತ್ತದಂತೆ!