ಒಣಗಿದ ಗಾಜಿನೆಳೆ

ದಸ್ತಗೀರ್, ಆ ಗಾಜಿನೆಳೆಯನ್ನು ಒಣಗಿಸಿದವನು ನಾನು. ಮೂವತ್ತು ವರ್ಷಕ್ಕೂ ಮೇಲಾಯಿತು — ಈಗ ಬಾಯಿ ಬಿಡುತ್ತಿದ್ದೇನೆ. ಥೂ, ನಾಚಿಕೆಗೇಡು.

ತೊಂಬತ್ತನೇ ಇಸವಿಯ ಆಸುಪಾಸು. ಪರೇಲಿನ ಆ ಎರಡನೇ ಮಹಡಿಯ ಲ್ಯಾಬು ನೆನಪಿದೆಯಲ್ಲ? ನಾನು ಮೈಸೂರಿನಿಂದ ಬಂದ ಸಂಶೋಧಕ. ನೀನು ವಿಜಾಪುರದ ಕಡೆಯವನು, ಆರಾರು ತಿಂಗಳಿಗೆ ಮುಂದುವರಿಯುವ ಹಂಗಾಮಿ ಸಹಾಯಕ. ಇಡೀ ಲ್ಯಾಬಿನಲ್ಲಿ ಕನ್ನಡದವರು ನಾವಿಬ್ಬರೇ. ಕೂದಲಿಗಿಂತ ತುಸು ದಪ್ಪದ ಗಾಜಿನೆಳೆಯನ್ನು, ಆಪ್ಟಿಕಲ್ ಫೈಬರನ್ನು, ಸ್ಪಿರಿಟ್ ಲ್ಯಾಂಪಿನ ಉರಿಗೆ ಹಿಡಿದು ನೀನು ಬಾಗಿಸುತ್ತಿದ್ದ ರೀತಿ — ಅಬ್ಬಾ! ನಾನು ಹಿಡಿದರೆ ಪಟ್ಟನೆ ಮುರಿಯುತ್ತಿತ್ತು. "ಉಸಿರು ಹಿಡೀರಿ ಸರ, ಕೈ ತಾನ ನಿಲ್ತದ" ಎಂದು ನೀನು ನಗುತ್ತಿದ್ದೆ. ಆ ಬಾಗಿದ ಮೈಗೆ ಪ್ರತಿಕಾಯ, ಅಂದರೆ ಆಂಟಿಬಾಡಿ, ಹಚ್ಚುತ್ತಿದ್ದೆವು. ರೋಗಿಯ ಮೂತ್ರದಲ್ಲಿರುವ ಪ್ರೋಟೀನು ಅದಕ್ಕೆ ಅಂಟಿದರೆ ಒಳಗಿನ ಬೆಳಕು ಕುಗ್ಗಿ ಮೀಟರಿನ ಮುಳ್ಳು ಇಳಿಯಬೇಕು. ಮೊದಲ ಸಲ ಇಳಿದ ದಿನ ಕೆಳಗಿನ ಉಡುಪಿ ಹೋಟೆಲಿನಲ್ಲಿ ಚಹಾದ ಮೇಲೆ ಚಹಾ ಕುಡಿದೆವು. ಅಂಥ ಖುಷಿ ನನಗೆ ಮತ್ತೆ ಸಿಗಲೇ ಇಲ್ಲ.

ಪ್ರತಿಕಾಯ ಹಚ್ಚಿದ ಎಳೆ ಒಣಗಿದರೆ ಸತ್ತಂತೆ. ಹಾಗಾಗಿ ನೀನು ಅದನ್ನು ಹಸುಗೂಸಿನಂತೆ ಬೀಕರಿನ ಉಪ್ಪುನೀರಿನಲ್ಲಿ ಮಲಗಿಸಿ ಇಡುತ್ತಿದ್ದೆ. ಸೋಮವಾರ ದೊಡ್ಡವರ ಮುಂದೆ ತೋರಿಸಬೇಕಿದ್ದ ಎಳೆಯನ್ನು ಆ ಶುಕ್ರವಾರವೂ ನೀನು ಹಾಗೇ ಇಟ್ಟೆ. "ನಮಾಜಿಗೆ ಹೋಗಿ ಬರ್ತೀನ್ರಿ. ಅದನ್ನ ಹೊರಗ ತೆಗೀಬ್ಯಾಡ್ರಿ ಸರ."

ನಾನು ತೆಗೆದೆ. ಕಾಲೇಜಿನ ಗೆಳೆಯನೊಬ್ಬ ಬಂದಿದ್ದ. ಕಿಟಕಿಯ ಬೆಳಕಿಗೆ ಹಿಡಿದು ಜಂಬ ಕೊಚ್ಚಿದೆ, ಮೇಜಿನ ಮೇಲಿಟ್ಟು ಅವನೊಡನೆ ಊಟಕ್ಕೆ ಹೋದೆ. ಬಂದು ನೋಡಿದರೆ ಒಣಗಿತ್ತು. ನೀನು ಇನ್ನೂ ಬಂದಿರಲಿಲ್ಲ — ಗಬಕ್ಕನೆ ಮತ್ತೆ ನೀರಿಗೆ ಇಳಿಸಿಬಿಟ್ಟೆ. ಹೇಳಿದ್ದರೆ ನೀನು ಶನಿವಾರ, ಭಾನುವಾರ ಕೂತು ಇನ್ನೊಂದನ್ನು ಮಾಡಿಕೊಡುತ್ತಿದ್ದೆ. ನಾನು ಸುಮ್ಮನಿದ್ದೆ. ಏನಾಗುತ್ತೋ ನೋಡೋಣ ಅಂತ — ಇಲ್ಲ, ಅದೂ ಅಲ್ಲ, ಹೇಳುವ ಧೈರ್ಯವಿರಲಿಲ್ಲ.

ಸೋಮವಾರ ನೋಡಲು ಬಂದ ದೊಡ್ಡವರ ಮುಂದೆ ಮುಳ್ಳು ಅಲುಗಲಿಲ್ಲ. ಇದನ್ನು ನೋಡಿಕೊಳ್ಳುತ್ತಿದ್ದವರು ಯಾರು ಎಂದು ವಿಭಾಗದ ಮುಖ್ಯಸ್ಥರು ಕೇಳಿದರು.

"ಶುಕ್ರವಾರ ದಸ್ತಗೀರ್ ನಮಾಜಿಗೆ ಹೋಗಿದ್ದ, ಸರ್" ಎಂದೆ.

ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅದಕ್ಕಿಂತ ನೀಚ ಮಾತನ್ನು ನಾನು ಜನ್ಮದಲ್ಲಿ ಆಡಿಲ್ಲ. ಮುಂದಿನ ಆರು ತಿಂಗಳಿಗೆ ನಿನ್ನ ಕೆಲಸ ಮುಂದುವರಿಯಲಿಲ್ಲ.

ಕೊನೆಯ ದಿನವೂ ನೀನು ಎಂದಿನಂತೆ ಸ್ಟೇಷನ್ನಿನವರೆಗೆ ಜೊತೆಗೆ ಬಂದೆ. ಬೈಯುತ್ತೀಯ ಅಂದುಕೊಂಡಿದ್ದೆ. ನೀನು ತಲೆ ತಗ್ಗಿಸಿ, "ನಾನ ನೀರು ಕಮ್ಮಿ ಹಾಕಿದ್ನೇನೋ ಸರ... ನಿಮ್ಮ ಹೆಸರು ಕೆಡಿಸಿಬಿಟ್ಟೆ" ಎಂದೆ. ಘಾಟ್ಕೋಪರಿಗೆ ಹೋಗುವ ಲೋಕಲ್ ಬಂತು. ನಾನು ಹತ್ತಿಕೊಂಡೆ.

ನಿನ್ನ ಊರು ಹುಡುಕುತ್ತಿದ್ದೇನೆ. ಸಿಕ್ಕರೆ ಬಂದು ಎದುರಿಗೆ ನಿಂತು ಇದನ್ನೇ ಹೇಳುತ್ತೇನೆ. ಕ್ಷಮಿಸು ಅನ್ನಲು ನನಗೆ ಮುಖವಿಲ್ಲ. ಇಷ್ಟು ವರ್ಷ ನಿನ್ನ ಕೈಯನ್ನೇ ನೀನು ಅನುಮಾನಿಸಿಕೊಂಡು ಬದುಕಿದ್ದರೆ — ನೀರು ಕಮ್ಮಿ ಇರಲಿಲ್ಲ, ದಸ್ತಗೀರ್. ಬೀಕರು ತುಂಬಿತ್ತು.